ಮಾವನ ಆಪರೇಷನ್ ಯಾಕೆ ಬೇಕು

ಬದಿಯಡ್ಕ

ಪ್ರೀತಿಯ ಮಗಳೇ,

ಗಂಟಲಿನ ಕ್ಯಾನ್ಸರ್ ರೇಡಿಯೇಷನ್ನಿಂದಲೇ ವಾಸಿಯಾಗುತ್ತದಂತೆ, ಮಾವನ ಧ್ವನಿಪೆಟ್ಟಿಗೆಯನ್ನೇ ಯಾಕೆ ತೆಗೆಯಬೇಕು ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಅವರು ಪಕ್ಕದಲ್ಲೇ ಕೂತಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಓದಿದ್ದು ಸುಳ್ಳಲ್ಲ. ಆದರೆ ಅದು ಸ್ವರತಂತುವಿನಲ್ಲೇ ಹುಟ್ಟಿದ ಕ್ಯಾನ್ಸರಿನ ಮಾತು. ಅಲ್ಲಿ ಸಣ್ಣ ಗಂಟಾದರೂ ಸ್ವರ ಒಡೆಯುತ್ತದೆ, ಜನ ಬೇಗ ಡಾಕ್ಟರ ಹತ್ತಿರ ಹೋಗುತ್ತಾರೆ. ಆ ಜಾಗದಲ್ಲಿ ರೋಗ ಗ್ರಂಥಿಗಳಿಗೆ ದಾಟುವ ದಾರಿಯಾದ ದುಗ್ಧನಾಳಗಳೂ ಕಡಿಮೆ, ರೋಗ ತುಂಬಾ ದಿನ ಅಲ್ಲೇ ಇರುತ್ತದೆ. ಶುರುವಿನಲ್ಲೇ ಸಿಕ್ಕಿದರೆ ರೇಡಿಯೇಷನ್ನೋ ಲೇಸರೋ ಒಂದು ಸಾಕು.

ಮಾವನದು ತಂತುವಿನ ಮೇಲ್ಭಾಗದಲ್ಲಿ ಶುರುವಾಯಿತು. ಅಲ್ಲಿ ಹುಟ್ಟಿದರೆ ಸ್ವರ ಕೆಡುವುದು ತಡವಾಗಿ. ಕಳೆದ ಮಳೆಗಾಲ ಪೂರ್ತಿ ಅವರು ಹೇಳಿದ್ದು ಕಿವಿನೋವು. ಕಿವಿಗೆ ಮದ್ದು ಬಿಟ್ಟದ್ದೇ ಬಿಟ್ಟದ್ದು. ಗಂಟಲಿಗೆ ಹೋಗುವ ನರದ ಒಂದು ಕವಲು ಕಿವಿಗೂ ಹೋಗುತ್ತದೆ, ಗಂಟಲಿನ ನೋವು ಅಲ್ಲಿ ಕಾಣಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ ಭಾಗದಲ್ಲಿ ದುಗ್ಧನಾಳಗಳು ಜಾಸ್ತಿ, ಕುತ್ತಿಗೆಯ ಎರಡೂ ಬದಿಯ ಗ್ರಂಥಿಗಳಿಗೆ ರೋಗ ಬೇಗ ದಾಟುತ್ತದೆ. ಶರಟಿನ ಮೇಲಿನ ಗುಂಡಿ ಹಾಕುವಾಗ ಬಲಬದಿಯಲ್ಲಿ ಅಡಿಕೆಯಷ್ಟು ಗಡ್ಡೆ ಕೈಗೆ ಸಿಕ್ಕಿತಲ್ಲ, ಅದು ಅದೇ. ದೂರ ಹೋದರೆ ಹೆಚ್ಚಾಗಿ ಶ್ವಾಸಕೋಶಕ್ಕೆ. ದೇವರ ದಯೆ, ಅಲ್ಲಿ ಸದ್ಯ ಏನೂ ಇಲ್ಲ.

ಆದರೆ ರೋಗ ಗಂಟಲಮಣಿಯ ಮೃದ್ವಸ್ಥಿಯನ್ನು, ಅಂದರೆ ಮೆದು ಎಲುಬನ್ನು, ಕೊರೆದು ಹೊರಗೆ ಬಂದಿದೆ. ಕಷ್ಟ ಇರುವುದೇ ಇಲ್ಲಿ. ಕಿಮೊ, ರೇಡಿಯೇಷನ್ ಕೊಟ್ಟು ಪೆಟ್ಟಿಗೆ ಉಳಿಸುವ ದಾರಿ ಇಲ್ಲದಿಲ್ಲ. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರಿಗೆ ಅದು ಉಳಿದಿತ್ತು. ಮೃದ್ವಸ್ಥಿ ದಾಟಿದವರಿಗೆ ಅಷ್ಟು ಚೆನ್ನಾಗಿ ಒದಗಲಿಲ್ಲ. ಉಳಿದ ಪೆಟ್ಟಿಗೆ ಕೆಲಸ ಮಾಡದಿದ್ದರೆ ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ರೇಡಿಯೇಷನ್ ಆದ ಜಾಗವನ್ನು ಮತ್ತೆ ಕೊಯ್ದರೆ ಗಾಯ ಒಣಗುವುದೂ ಕಷ್ಟ. ಎರಡು ಕಡೆ ತೋರಿಸಿದೆವು, ಎರಡೂ ಕಡೆ ಒಂದೇ ಮಾತು: ಮೊದಲು ಆಪರೇಷನ್, ಆಮೇಲೆ ರೇಡಿಯೇಷನ್. ಬೀಡಿ ಬಿಟ್ಟಿದ್ದಾರೆ. ಸೇದುತ್ತಾ ಇದ್ದರೆ ರೇಡಿಯೇಷನ್ನೂ ಸರಿಯಾಗಿ ತಾಗುವುದಿಲ್ಲವಂತೆ.

ಇನ್ನು ಯಕ್ಷಗಾನದಲ್ಲಿ ಹಾಡುವ ಭಾಗವತಿಕೆ ಇಲ್ಲ ಅಂತ ಅವರಿಗೆ ಗೊತ್ತು. ನಾವ್ಯಾರೂ ಅದನ್ನು ಸಣ್ಣದು ಮಾಡಿ ಮಾತಾಡಬಾರದು. ಕೆರೆಯಲ್ಲಿ ಮುಳುಗಿ ಸ್ನಾನವೂ ಇಲ್ಲ, ಉಸಿರಾಟ ಕುತ್ತಿಗೆಯ ತೂತಿನಿಂದ. ಆದರೆ ಮಾತು ವಾಪಸ್ ಬರಬಹುದು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ಕವಾಟ ಕೂರಿಸುತ್ತಾರೆ. ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ದಪ್ಪ ಸ್ವರ ಹೊರಡುತ್ತದೆ. ಅದು ದುಬಾರಿ, ಆಗಾಗ ಬದಲಿಸಲೂ ಬೇಕು. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಹಿಂದೆ ಬರೀ 50 ರೂಪಾಯಿಯ ಕವಾಟ ಮಾಡಿದ್ದರು. ಮಾವನಿಗೆ ಆಗುತ್ತದೋ ನೀನು ಅಲ್ಲೇ ವಿಚಾರಿಸು.

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗಿ ಅಂತ ಹಲವರು ಹೇಳಿದರು. ನನಗೂ ಅಲ್ಲಿನ ಮೇಲೆ ನಂಬಿಕೆ ಇದೆ. ಆದರೂ ಮಂಗಳೂರೇ ಆಗಲಿ ಅಂದೆ. ಆಪರೇಷನ್ ಆದ ಮೇಲೆ ಮಾವ ಎಲ್ಲವನ್ನೂ ಬರೆದೇ ತಿಳಿಸಬೇಕು. ಅವರು ಮಲಯಾಳ ಮಾತಾಡುತ್ತಾರೆ, ಬರೆಯಲು ಬರುವುದು ಕನ್ನಡ ಮಾತ್ರ. ನಡುರಾತ್ರಿ "ಕಫ ಕಟ್ಟಿದೆ" ಅಂತ ಬರೆದು ತೋರಿಸಿದರೆ ಅಲ್ಲಿದ್ದವರಿಗೆ ಓದಲು ಬರಬೇಕು, ಅಲ್ವಾ?

ಅವರೆದುರು ರೇಡಿಯೇಷನ್ ಮಾತು ಮತ್ತೆ ಎತ್ತಬೇಡ. ಈ ಶನಿವಾರ ಬಂದಾಗ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಅವರಿಗೆ ಕಲಿಸಿಕೊಡು. ಮುಂದಿನ ವಾರ ಅಡ್ಮಿಟ್ ಆಗಬೇಕು.

ನಿನ್ನ ಅಮ್ಮ