ಪಾಚಿ ಉಂಡೆಯ ಜೊತೆ ಬಂದ ಅತಿಥಿ

ಸಂಪಾದಕರೇ,

ಮೀನಿನ ತೊಟ್ಟಿಗೆ ಚೆಂದ ಅಂತ ಹಸಿರು ಪಾಚಿ ಉಂಡೆ ಹಾಕುತ್ತಾರಲ್ಲ, ಅದರ ಕಥೆ ಕೇಳಿ. 2021ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಇಂಥ ಉಂಡೆಗಳೊಳಗೆ ಜೀವಂತ ಜೀಬ್ರಾ ಮಸಲ್‌ಗಳು ಸಿಕ್ಕವು. ಪಟ್ಟೆ ಪಟ್ಟೆಯ, ಉಗುರಿನಷ್ಟು ಪುಟ್ಟ ಚಿಪ್ಪುಜೀವಿ ಇದು. ಹೆಣ್ಣೊಂದು ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ನೀರಿನ ಪೈಪುಗಳೊಳಗೆ ಕಚ್ಚಿಕೊಂಡು ಹರಿವನ್ನೇ ಕಟ್ಟಿಹಾಕುತ್ತದೆ. ಉಂಡೆಯೊಳಗೆ ಇದು ಇರುವುದನ್ನು ಮೊದಲು ಗಮನಿಸಿ ತಿಳಿಸಿದ್ದು ಯಾವ ತಪಾಸಣಾ ಅಧಿಕಾರಿಯೂ ಅಲ್ಲ, ಅಂಗಡಿಯಲ್ಲಿ ಕೆಲಸ ಮಾಡುವವರೊಬ್ಬರು!

ಕೆರೆ, ಕಾಡಿನಿಂದ ಕಿತ್ತು ತಂದ ಗಿಡ ಒಂಟಿಯಾಗಿ ಬರುವುದಿಲ್ಲ. ಬೇರಿನ ಮಣ್ಣಲ್ಲಿ ಬೀಜ, ಎಲೆಯಡಿ ಹುಳ, ಬಸವನಹುಳುವಿನ ಮೊಟ್ಟೆ ಎಲ್ಲವೂ ಸುಮ್ನೆ ಜೊತೆಗೆ ಬರುತ್ತವೆ. ಕೆಲವೊಮ್ಮೆ ಗಿಡವೇ ತಂಟೆ. ಪೂರ್ವ ಏಷ್ಯಾದ ಓರಿಯಂಟಲ್ ಬಿಟರ್‌ಸ್ವೀಟ್ ಬಳ್ಳಿ ಉತ್ತರ ಅಮೆರಿಕದಲ್ಲಿ ಮರಗಳನ್ನೇ ಸುತ್ತಿ ಹಿಂಡುತ್ತಿದೆ. ಆದರೂ ಅದರ ಕೆಂಪು ಹಣ್ಣಿನ ಗೊಂಚಲನ್ನು ಕಾಡಿನಿಂದ ಕೊಯ್ದು ಅಲಂಕಾರದ ಹಾರಕ್ಕೆ ಬಳಸುತ್ತಾರೆ. ಹಬ್ಬ ಮುಗಿದ ಮೇಲೆ ಹಾರ ತಿಪ್ಪೆಗೆ, ಹಣ್ಣು ಹಕ್ಕಿಯ ಹೊಟ್ಟೆಗೆ, ಬೀಜ ಇನ್ನೊಂದು ಕಾಡಿಗೆ.

ಕಾಡುಗಿಡ ಕೀಳುವುದರಿಂದ ಕಾಡು ಬರಿದಾಗುತ್ತದೆ ಅಂತ ಎಲ್ಲರೂ ಮಾತಾಡುತ್ತಾರೆ. ಅದು ಹೋಗಿ ಸೇರುವ ಊರಿನ ಗತಿ ಏನು? ಆನ್‌ಲೈನ್ ಮಾರಾಟದಲ್ಲಂತೂ ಗಿಡ ಎಲ್ಲಿಂದ ಬಂತು ಅಂತ ಕೇಳುವವರೇ ಕಡಿಮೆ. ನರ್ಸರಿಯಲ್ಲಿ ಬೆಳೆಸಿದ್ದೋ, ಕಾಡಿನಿಂದ ಕಿತ್ತದ್ದೋ ಎಂದು ಪ್ರತಿ ಪೊಟ್ಟಣದ ಮೇಲೂ ಬರೆಯುವುದನ್ನು ಕಡ್ಡಾಯ ಮಾಡಲಿ. ಕೊಂಡವರೂ ಅಷ್ಟೇ, ತೊಟ್ಟಿಯ ಗಿಡ, ನೀರನ್ನು ಕೆರೆಗೋ ಚರಂಡಿಗೋ ಸುರಿಯಬೇಡಿ.

– ಒಬ್ಬ ಓದುಗ