ಮಗಳಿಗೊಂದು ಪತ್ರ: ಅದು ಉಪಕಾರವಲ್ಲ, ನಿನ್ನ ಹಕ್ಕು

ಪ್ರೀತಿಯ ಮಗಳೇ,

ನಿನ್ನ ಫೋನು ಓದಿ ಹೇಳಲೆಂದು ಈ ಪತ್ರವನ್ನು ಎಲ್ಲ ಸಾಧನಗಳೂ ಗುರುತಿಸಬಲ್ಲ ಯೂನಿಕೋಡ್ ಅಕ್ಷರಗಳಲ್ಲಿಯೇ ಟೈಪ್ ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ಕಾನೂನಿನ ಕನ್ನಡ ಪಠ್ಯಗಳನ್ನು ಇಂದಿಗೂ ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೋ ಹಳೆಯ ಅಕ್ಷರಶೈಲಿಯ ಕಡತಗಳಾಗಿಯೋ ಕೊಡುತ್ತಾರೆಂದೂ, ಪರದೆ ಓದುವ ತಂತ್ರಾಂಶವು ಮೊದಲನೆಯದರ ಮುಂದೆ ಸುಮ್ಮನಾಗಿ ಎರಡನೆಯದನ್ನು ಅರ್ಥವಿಲ್ಲದ ಅಕ್ಷರಗಳಾಗಿ ಉಚ್ಚರಿಸುತ್ತದೆಂದೂ ನೀನು ಹೇಳಿದಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಪುಟಗಳನ್ನು ಸಿದ್ಧಪಡಿಸಿದವರು ನಿನ್ನಂಥ ಓದುಗರೂ ಇದ್ದಾರೆಂದು ಎಣಿಸಲೇ ಇಲ್ಲ. ಅದನ್ನು ನಿನ್ನ ಕಣ್ಣಿನ ಕೊರತೆಯೆಂದು ಭಾವಿಸಬೇಡ.

ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಟ್ಟ ಅಧಿಕಾರಿಗೆ ನೀನು ಮತ್ತೆ ಮತ್ತೆ ಕೃತಜ್ಞತೆ ಹೇಳಿ ಬಂದೆಯಂತೆ. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿಯಾಗಿ ಕೊಡಬೇಕೆಂದು ಕೇಂದ್ರ ಸರ್ಕಾರವು 2018ರ ಮಾರ್ಗಸೂಚಿಯಲ್ಲಿಯೇ ಹೇಳಿತ್ತು. ಸೌಜನ್ಯಕ್ಕೆ ಒಂದು ಮಾತು ಸಾಕು. ಉಪಕಾರವೆಂದು ಪಡೆದದ್ದನ್ನು ಮುಂದಿನ ಸಲ ಬೇರೊಬ್ಬರು ಕೊಡದೆ ಹೋಗಬಹುದು. ಹಕ್ಕೆಂದು ಪಡೆದರೆ ನಿನ್ನ ಹಿಂದೆ ಬರುವ ಹುಡುಗಿಗೂ ಅದು ಸಿಗುತ್ತದೆ.

ನೀನು ಚಿಕ್ಕವಳಿದ್ದಾಗ ಬಳಗದವರೆಲ್ಲ ನಿನ್ನನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸೇರಿಸಿ ಸಂಗೀತ ಕಲಿಸಿರೆಂದು ಹೇಳುತ್ತಿದ್ದರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ, ಆಸರೆ, ವಿದ್ಯೆಗಳನ್ನು ಕೊಟ್ಟವರು. ಅವರ ಹೆಸರು ಕೇಳಿದರೆ ನನ್ನ ಕೈ ತಾನಾಗಿಯೇ ಮುಗಿಯುತ್ತದೆ. ಆದರೆ ನಿನಗೆ ಸಂಗೀತದಲ್ಲಿ ಒಲವಿರಲಿಲ್ಲ, ವಾದಿಸುವುದರಲ್ಲಿತ್ತು. ತಮ್ಮ ಮಕ್ಕಳಿಗೆ ಹತ್ತಾರು ದಾರಿಗಳನ್ನು ಹುಡುಕಿದವರೇ ನಿನಗಾಗಿ ಒಂದೇ ದಾರಿಯನ್ನು ಗೊತ್ತುಮಾಡಿಟ್ಟಿದ್ದರು. ಈಗ ನೀನು ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುತ್ತೇನೆಂದರೆ, ಸಾಕ್ಷಿಯ ಮುಖ ಕಾಣದವಳು ತೀರ್ಪು ಹೇಗೆ ಕೊಟ್ಟಾಳೆಂದು ಅವರು ಕೇಳುತ್ತಾರೆ.

ಇದಕ್ಕೆ ಸುಪ್ರೀಂ ಕೋರ್ಟು ಉತ್ತರ ಕೊಟ್ಟಾಗಿದೆ. ಮಧ್ಯಪ್ರದೇಶದ ನ್ಯಾಯಾಂಗ ಸೇವಾ ನಿಯಮಗಳಲ್ಲಿ ದೃಷ್ಟಿಹೀನರನ್ನು ನೇಮಕಾತಿಯಿಂದ ಹೊರಗಿಡುವ 6ಎ ಎಂಬ ನಿಯಮವಿತ್ತು. ಅಂಥ ಅಭ್ಯರ್ಥಿಯೊಬ್ಬರ ತಾಯಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು; ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿ, ಅಂಗವೈಕಲ್ಯವೊಂದನ್ನೇ ಕಾರಣ ಮಾಡಿ ಯಾರನ್ನೂ ನ್ಯಾಯಾಂಗ ಸೇವೆಯಿಂದ ದೂರವಿಡಲಾಗದೆಂದು 2025ರ ಮಾರ್ಚ್ 3ರಂದು ತೀರ್ಪಿತ್ತಿತು. ಆ ತಾಯಿಯನ್ನು ನಾನು ಕಂಡಿಲ್ಲ, ಆದರೂ ನಮ್ಮ ಮನೆಯವಳೆಂದೇ ನೆನೆಯುತ್ತೇನೆ.

ಇನ್ನೊಂದು ಮಾತು. ನಿನ್ನನ್ನು ಕಂಡು ಅಯ್ಯೋ ಎನ್ನುವವರಂತೆಯೇ, ನೀನು ಬಸ್ಸು ಹತ್ತಿದರೂ ಅದ್ಭುತ ಸಾಧನೆಯೆನ್ನುವವರೂ ನಿನ್ನನ್ನು ಎಲ್ಲರ ಸಾಲಿನಲ್ಲಿ ಕೂಡಗೊಡುವುದಿಲ್ಲ. ಯಾರಿಗೂ ಸ್ಫೂರ್ತಿಯಾಗಬೇಕಾದ ಹೊರೆ ನಿನ್ನ ಮೇಲಿಲ್ಲ. ಎಲ್ಲರ ಹಾಗೆ ಒಂದೆರಡು ಸಲ ಅನುತ್ತೀರ್ಣಳಾಗುವ, ಬೇಸರಗೊಳ್ಳುವ, ಮನಸ್ಸು ಬದಲಿಸುವ ಸ್ವಾತಂತ್ರ್ಯವೂ ನಿನಗಿರಲಿ.

ಪಠ್ಯಗಳ ವಿಷಯವನ್ನು ಮಾತ್ರ ಬಾಯಿಮಾತಿನಲ್ಲಿ ಬಿಡಬೇಡ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಮನವಿ ಬರೆದು, ದಿನಾಂಕ ಸಹಿತ ಸ್ವೀಕೃತಿ ಪಡೆದುಕೋ. ಅಲ್ಲಿ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ, ವಿಕಲಚೇತನರ ದೂರುಗಳನ್ನು ಕೇಳುವ ರಾಜ್ಯ ಆಯುಕ್ತರಿಗೆ ದೂರು ಕೊಡೋಣ. ಕರಡನ್ನು ನನಗೂ ಕಳುಹಿಸು.

ಇಂತಿ,
ನಿನ್ನ ಅವ್ವ