ಅಪ್ಪಾಜಿಯವರಿಗೆ, ಕಾರಿನ ಡೈನಮೋ ವಿಚಾರವಾಗಿ

ಬರ್ಮಿಂಗ್‌ಹ್ಯಾಮ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನಿಮ್ಮ ಕಾಗದ ಬುಧವಾರ ಕೈಸೇರಿತು.

ಕಬ್ಬಿನ ಬಾಕಿ ಹಣ ಮತ್ತು ಪುಟ್ಟಿಯ ಪರೀಕ್ಷೆಯ ಸುದ್ದಿಗಳ ನಡುವೆ ‘ಗಾಡಿ ಸ್ವಲ್ಪ ಕೈಕೊಟ್ಟಿತ್ತು, ಈಗ ಸರಿಯಿದೆ’ ಎಂದು ಒಂದು ಸಾಲು ಬರೆದು ಮುಗಿಸಿದ್ದೀರಿ. ಉಳಿದದ್ದನ್ನು ಚಿಕ್ಕತ್ತೆ ಹೇಳಿದರು. ಮೈಸೂರಿನಲ್ಲಿ ಅಮ್ಮನ ಕಣ್ಣು ತೋರಿಸಿಕೊಂಡು ರಾತ್ರಿ ಮಳೆಯಲ್ಲೇ ಮಂಡ್ಯಕ್ಕೆ ಹೊರಟವರು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ದೀಪ ಮಂಕಾಗಿ, ವೈಪರ್ ತೆವಳತೊಡಗಿ, ಗಣಂಗೂರಿನ ಹತ್ತಿರ ಎಂಜಿನ್ನೂ ನಿಂತು, ಲಾರಿಗಳು ಹಾಯುವ ರಸ್ತೆಯ ಅಂಚಿನಲ್ಲಿ ಒಂದೂವರೆ ಗಂಟೆ ಕತ್ತಲಲ್ಲಿ ಕುಳಿತಿದ್ದಿರಂತೆ. ಅಮ್ಮನ ಬಿಪಿ ಮಾತ್ರೆ ಮನೆಯಲ್ಲಿ ಉಳಿದಿತ್ತಂತೆ. ಫೋನಿನಲ್ಲಿ ಕೇಳಿದರೆ ನೀವು ಮಾತನ್ನು ನಾಲೆ ನೀರಿನ ಕಡೆಗೆ ತಿರುಗಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಶಿವುವಿಗೂ ಓದಲು ಕೊಡಿ, ಅವನ ಪಾಲೂ ಇದರಲ್ಲಿದೆ.

ಕಳೆದ ದೀಪಾವಳಿಯಲ್ಲಿ ಅವನು ಹೆಡ್‌ಲೈಟಿಗೆ 100/90 ವ್ಯಾಟಿನ ಬಲ್ಬುಗಳನ್ನು ಹಾಕಿಸಿ ‘ಅಕ್ಕ, ಹಗಲಾದ ಹಾಗಿದೆ’ ಎಂದು ಫೋಟೊ ಕಳಿಸಿದ್ದ. ಎಂಜಿನ್ನಿನಿಂದ ತಿರುಗಿ ಕರೆಂಟು ಹುಟ್ಟಿಸುವ ಡೈನಮೋ ನಮ್ಮ 1977ರ ಅಂಬಾಸಿಡರಿನಲ್ಲಿ ಚೆನ್ನಾಗಿ ಓಡುವಾಗ ಕೊಡುವುದೇ ಸುಮಾರು 22 ಆಂಪಿಯರ್. ಹೈ ಬೀಮಿನಲ್ಲಿ ಆ ಎರಡು ಬಲ್ಬುಗಳೇ 200 ವ್ಯಾಟ್, ಅಂದರೆ 17 ಆಂಪಿಯರಿನ ಹತ್ತಿರ ನುಂಗುತ್ತವೆ. ಅದರ ಮೇಲೆ ವೈಪರ್, ಹಿಂದಿನ ದೀಪಗಳು, ಎಂಜಿನ್ನಿನ ಕಾಯಿಲ್, ಅವನೇ ಕೂರಿಸಿದ ಮ್ಯೂಸಿಕ್ ಸಿಸ್ಟಮ್. ಇನ್ನು ಸರ್ವಿಸ್ ರಸ್ತೆಯ ಸಾಲಿನಲ್ಲಿ ನಿಂತು ನಿಂತು ಹೋಗುವಾಗ ಡೈನಮೋ ಏನನ್ನೂ ಕೊಡುವುದಿಲ್ಲ. ಅಷ್ಟನ್ನೂ ಬ್ಯಾಟರಿಯೇ ಹೊರಬೇಕು. ಅದು ಬರಿದಾದಾಗ ಕಾಯಿಲಿಗೆ ಕಿಡಿ ಹುಟ್ಟಿಸುವಷ್ಟು ಕರೆಂಟಿಲ್ಲದೆ ಎಂಜಿನ್ ನಿಂತಿದೆ. ಬ್ಯಾಟರಿಯ ತಪ್ಪೆಂದು ಹೊಸದನ್ನು ಕೊಂಡಿದ್ದೀರಿ, ಪಾಪ ಅದರ ತಪ್ಪೇನೂ ಇರಲಿಲ್ಲ.

ಈಗ ಗ್ಯಾರೇಜಿನವರು ಅಪಘಾತವಾದ ಯಾವುದೋ ಡೀಸೆಲ್ ಕಾರಿನ 120 ಆಂಪಿಯರ್ ಆಲ್ಟರ್ನೇಟರನ್ನು, ಅಂದರೆ ಡೈನಮೋದ ಕೆಲಸವನ್ನೇ ಮಾಡುವ ಹೊಸ ಬಗೆಯದನ್ನು, ಹಳೆಯ ವೈರಿಗೇ ಜೋಡಿಸಿಕೊಡುತ್ತಾರೆ ಎಂದು ಕೇಳಿದ ಮೇಲೆ ನನಗೆ ನಿದ್ದೆ ಹತ್ತಿಲ್ಲ. ಆಲ್ಟರ್ನೇಟರ್ ತಾನಾಗಿ 120 ಆಂಪಿಯರನ್ನು ತಳ್ಳುವುದಿಲ್ಲ, ನಿಜ. ಕೆಆರ್‌ಎಸ್‌ನಲ್ಲಿ 124.80 ಅಡಿ ನೀರು ನಿಂತಿದ್ದರೂ ನಮ್ಮ ಗದ್ದೆಗೆ ಬರುವುದು ತೂಬು ಎತ್ತಿದಷ್ಟೇ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆದರೆ ಬರಿದಾದ ಬ್ಯಾಟರಿ ಬಿರುಕು ಬಿಟ್ಟ ಗದ್ದೆಯ ಹಾಗೆ ಸಿಕ್ಕಿದ್ದನ್ನೆಲ್ಲ ಕುಡಿಯುತ್ತದೆ, ಆ ಕರೆಂಟೆಲ್ಲ 22 ಆಂಪಿಯರಿಗೆಂದು ಎಳೆದ, ನಲವತ್ತು ವರ್ಷ ಮೀರಿದ ತೆಳು ವೈರಿನಲ್ಲಿಯೇ ಹರಿಯಬೇಕು. ಕಾಲುವೆಯಾದರೆ ಏರಿ ಒಡೆಯುತ್ತದೆ, ವೈರಾದರೆ ಹೊದಿಕೆ ಕರಗಿ ಹೊತ್ತಿಕೊಳ್ಳುತ್ತದೆ. ಸಾಲದ್ದಕ್ಕೆ ಅಂಥ ಆಲ್ಟರ್ನೇಟರಿನ ಪುಲ್ಲಿ ಅಗಲವಾದ ಪಟ್ಟೆ ಬೆಲ್ಟಿಗೆ ಮಾಡಿದ್ದು, ನಮ್ಮ ಒಂಟಿ ವಿ-ಬೆಲ್ಟಿಗಲ್ಲ. ದಯವಿಟ್ಟು ಅದನ್ನು ಹಾಕಿಸಬೇಡಿ.

ಆಗಬೇಕಾದದ್ದು ಇಷ್ಟು. ನಾಳೆಯೇ ಆ ಬಲ್ಬುಗಳನ್ನು ತೆಗೆಸಿ 60/55 ವ್ಯಾಟಿನವನ್ನು ಹಾಕಿಸಿ. ಆಮೇಲೆ ಅರ್ತಿಂಗ್, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸರಿಯಿದೆಯೇ ನೋಡಿಸಿ. ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರಬೇಕು. ಅದು ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸಿ, ಬೋಲ್ಟ್ ಕೂರುವ ಜಾಗದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಸಿ. ಹಳೆಯ ಕಾರುಗಳ ಎಷ್ಟೋ ‘ಕರೆಂಟ್ ಕಾಯಿಲೆ’ ಇಲ್ಲಿಗೇ ವಾಸಿಯಾಗುತ್ತದೆ. ಶಿವು ಮಲ್ಟಿಮೀಟರಿನಲ್ಲಿ ಬ್ಯಾಟರಿಯನ್ನು ಅಳೆಯಲಿ: ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಇರಬೇಕು, ದೀಪ ಹಚ್ಚಿ ಎಂಜಿನ್ನನ್ನು ಸ್ವಲ್ಪ ಏರಿಸಿದಾಗ 13.8ರಿಂದ 14.4ರ ನಡುವೆ ನಿಲ್ಲಬೇಕು.

ಆಲ್ಟರ್ನೇಟರ್ ಹಾಕಿಸಲೇಬೇಕೆಂದಿದ್ದರೆ 45 ಆಂಪಿಯರಿನದು ಧಾರಾಳವಾಯಿತು. ಎಂಜಿನ್ ನಿಧಾನವಾಗಿರುವಾಗಲೂ ಅದು ಅಷ್ಟಿಷ್ಟು ಕೊಡುತ್ತದೆ. ಅದರಿಂದ ಬ್ಯಾಟರಿಗೆ 10 ಚದರ ಮಿಲಿಮೀಟರಿನ ಹೊಸ ವೈರನ್ನು ಬೇರೆಯಾಗಿಯೇ ಎಳೆಸಿ, ಬ್ಯಾಟರಿಯ ಪಕ್ಕದಲ್ಲಿ 60 ಆಂಪಿಯರ್ ಫ್ಯೂಸ್ ಹಾಕಿಸಿ. ಚಾರ್ಜ್ ಸೂಚಿಸುವ ಕೆಂಪು ದೀಪವನ್ನು ಬೇಡವೆಂದು ಕಿತ್ತುಹಾಕಲು ಬಿಡಬೇಡಿ, ಆಲ್ಟರ್ನೇಟರ್ ಎಚ್ಚರಗೊಳ್ಳುವುದು ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದ. ಎಲ್ಲಕ್ಕಿಂತ ಮೊದಲು ಕಾರಿನ ಬಾಡಿಯೊಂದಿಗೆ ಜೋಡಿಸಿರುವುದು ಬ್ಯಾಟರಿಯ ನೆಗೆಟಿವ್ ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಿಸಿ. ಕೆಲವು ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಇರುತ್ತದೆ, ಹಾಗಿದ್ದರೆ ಆಲ್ಟರ್ನೇಟರಿನ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಶಿವುವಿನ ಮ್ಯೂಸಿಕ್ ಸಿಸ್ಟಮ್ ಇನ್ನೂ ಹಾಡುತ್ತಿರುವುದರಿಂದ ನೆಗೆಟಿವ್ ಇರಬೇಕೆಂದು ನನ್ನ ಊಹೆ. ಇನ್ನೊಂದು: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಚಾರ್ಜ್ ಆಗುತ್ತಿದೆ ನೋಡಿ’ ಎಂದು ತೋರಿಸುವ ಡೈನಮೋ ಕಾಲದ ಪರೀಕ್ಷೆಯನ್ನು ಯಾರೂ ಮಾಡಕೂಡದು. ಹೆಣ್ಣುಮಗಳು ಗ್ಯಾರೇಜಿಗೆ ಬುದ್ಧಿ ಹೇಳುತ್ತಾಳೆ ಎಂದು ಅವರು ನಗಬಹುದು. ದಿನಕ್ಕೆ ಎಂಟು ಗಂಟೆ ಬಸ್ಸುಗಳ ವೈರಿಂಗನ್ನೇ ಪರೀಕ್ಷಿಸುವವಳು ಎಂದು ಹೇಳಿ.

ನಿಮ್ಮ ಡೈನಮೋದ ತವರು ಈ ಊರೇ ಎಂಬುದು ನಿಮಗೆ ಗೊತ್ತೇ? ಅದನ್ನು ರೂಪಿಸಿದ ಲೂಕಾಸ್ ಕಂಪನಿ ಬರ್ಮಿಂಗ್‌ಹ್ಯಾಮಿನದು. ಇಲ್ಲಿನ ಹಳೆಯ ಕಾರಿನವರು ಅದಕ್ಕೆ ‘ಕತ್ತಲೆಯ ರಾಜಕುಮಾರ’ ಎಂದು ಅಡ್ಡಹೆಸರಿಟ್ಟು ನಗುತ್ತಾರೆ. ಪಕ್ಕದ ಮನೆಯ ಅಜ್ಜ ಮಾರಿಸ್ ಮೈನರ್ ಎಂಬ ಹಳೆಯ ಕಾರು ಇಟ್ಟಿದ್ದಾರೆ. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ವಾರ್ಷಿಕ ತಪಾಸಣೆಯೂ ಇಲ್ಲ, ರಸ್ತೆ ತೆರಿಗೆಯೂ ಇಲ್ಲ, ವಯಸ್ಸಾದವರಿಗೆ ಕೊಡುವ ಮರ್ಯಾದೆಯ ಹಾಗೆ. ಅವರು ಕೊಂಡಿರುವ ಆಲ್ಟರ್ನೇಟರಿಗೆ ತಯಾರಕರೇ ಡೈನಮೋದ ವೇಷ ಹಾಕಿ ಮಾರುತ್ತಾರೆ, ಬಾನೆಟ್ ಎತ್ತಿದವರು ಹಳೆಯದೇ ಇದೆ ಎಂದುಕೊಳ್ಳಲಿ ಎಂದು! ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಅಂಬಾಸಿಡರನ್ನು ನಾವು 2014ರವರೆಗೂ ತಯಾರಿಸಿದೆವು ಎಂದಾಗ ಅವರ ಕೈಯಲ್ಲಿದ್ದ ಚಹಾ ಲೋಟ ಹಾಗೇ ನಿಂತಿತು.

ಗಾಡಿಯನ್ನು ಮಾರಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಕೆಲಸ ಮುಗಿಯುವವರೆಗೆ ಅಮ್ಮನನ್ನು ಮೈಸೂರಿಗೆ ರೈಲಿನಲ್ಲಿ ಕರೆದುಕೊಂಡು ಹೋಗಿ, ಸಂಜೆಯೊಳಗೆ ಮರಳಿ. ಖರ್ಚಿಗೆ 25,000 ರೂಪಾಯಿ ಕಳಿಸಿದ್ದೇನೆ. ಇದಕ್ಕಾಗಿ ಸಾಲ ಮಾಡಿಲ್ಲ, ಊಟ ಬಿಟ್ಟಿಲ್ಲ, ಓವರ್‌ಟೈಮೂ ಮಾಡಿಲ್ಲ, ಚಳಿಗೆ ಕೆಮ್ಮೂ ಬಂದಿಲ್ಲ, ನನ್ನ ಬಗ್ಗೆ ಒಂದಿಷ್ಟೂ ಯೋಚಿಸಬೇಡಿ. ಅಮ್ಮನಿಗೂ ನಾನು ಗಾಬರಿಯಾಗಿಲ್ಲ ಎಂದೇ ಹೇಳಿ. ಅವರ ಕಣ್ಣಿಗೆ ಡಾಕ್ಟರು ಏನೆಂದರು, ನೀವು ಬರೆದೇ ಇಲ್ಲ.

ಬೆಳಿಗ್ಗೆ ಐದಕ್ಕೆ ಪಾಳಿ ಇದೆ, ಮಲಗಬೇಕು. ಮೀಟರಿನ ಅಂಕಿಗಳನ್ನು ಶಿವು ಫೋಟೊ ತೆಗೆದು ಕಳಿಸಲಿ.

ಇಂತಿ ನಿಮ್ಮ ಮಗಳು